ಬೇಡ್ತಿ ಹಿಂದೆ ಸೈಕಲ್: ಧಾರವಾಡದಿಂದ ಗೋಕರ್ಣಕ್ಕೆ ಹೊಲದ ದಾರಿಯಲ್ಲಿ

ಧಾರವಾಡದಿಂದ ಗೋಕರ್ಣಕ್ಕೆ ಸೈಕಲ್ ಮೇಲೆ ಹೋಗಿ ಬಂದು ಇನ್ನೂ ತೊಡೆ ನೋವು ಇಳಿದಿಲ್ಲ. ಹೈವೇ ಹಿಡಿದು ಹೋಗುವವರು ಬಹಳ ಜನ ಇದ್ದಾರೆ, ಅದಕ್ಕೆ ಮಾಹಿತಿಯೂ ಬೇಕಾದಷ್ಟಿದೆ. ನಮಗೆ ಬೇಕಾಗಿದ್ದು ಚಕ್ಕಡಿ ದಾರಿ, ಗರಸು ಹಾಕಿದ ರಸ್ತೆ, ಹೊಲದ ಬದು, ಕೊನೆಗೆ ಸಮುದ್ರ. ಅದರ ಬಗ್ಗೆ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಪೆಡಲ್ ತುಳಿಯುವುದಕ್ಕಿಂತ ಅದರ ಮೊದಲಿನ ಓಡಾಟವೇ ಜಾಸ್ತಿ ಆಯಿತು. ಮುಂದೆ ಹೋಗುವವರಿಗೆ ಅಷ್ಟಾದರೂ ತಪ್ಪಲಿ ಅಂತ ಬರೆಯುತ್ತಿದ್ದೇನೆ.

ದಾರಿ ಆರಿಸಿದ್ದು ನದಿ ನೋಡಿ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲೆ ಹುಟ್ಟುತ್ತದೆ. ಅದು ಕಲಘಟಗಿ ಕಡೆ ಹರಿದು ಬೇಡ್ತಿ ಸೇರುತ್ತದೆ. ಬೇಡ್ತಿ ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿ ಅನ್ನಿಸಿಕೊಂಡು, ಗೋಕರ್ಣದ ಉತ್ತರಕ್ಕೆ ಸಮುದ್ರಕ್ಕೆ ಹೋಗುತ್ತದೆ. ನಮ್ಮ ಊರಿನ ಪೂರ್ವಕ್ಕೆ ಬಿದ್ದ ಮಳೆ ಬೆಣ್ಣಿಹಳ್ಳ ಸೇರಿ ಮಲಪ್ರಭೆಗೆ, ಕೃಷ್ಣೆಗೆ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ. ಹಾಗಾದರೆ ನೀರಿನ ಹಿಂದೆಯೇ ಹೋಗೋಣ ಅಂತ ಗೆಳೆಯ ಅಂದ. ಮಾತು ಚೆನ್ನಾಗಿತ್ತು. ನೀರಿಗೆ ಯಾರ ಪರವಾನಗಿಯೂ ಬೇಡ, ನಮಗೆ ಬೇಕು ಅನ್ನುವುದು ಆಮೇಲೆ ತಿಳಿಯಿತು.

ಮೊದಲು ಸೈಕಲ್ ವಿಚಾರ. ಗ್ರಾವೆಲ್ ಬೈಕ್ ಅಂದರೆ ಗರಸಿನ ದಾರಿಯಲ್ಲೂ ಓಡುವ, ಅಗಲ ಟಾಯರಿನ ಸೈಕಲ್. ಹೊಸದರ ಬೆಲೆ ಎಷ್ಟಕ್ಕೂ ಹೋಗುತ್ತದೆ. ನಾನು ಬೆಂಗಳೂರಿನವರೊಬ್ಬರ ಹತ್ತಿರ ಹಳೆಯದನ್ನು 32 ಸಾವಿರಕ್ಕೆ ತೆಗೆದುಕೊಂಡೆ. ಹಳೆ ಸೈಕಲ್ ತೆಗೆದುಕೊಳ್ಳುವವರು ಒಂದು ಮಾತು ನೆನಪಿಡಿ: ಮೂಲ ಬಿಲ್ ಇಸಿದುಕೊಳ್ಳಿ, ಅದರಲ್ಲಿರುವ ಫ್ರೇಮ್ ನಂಬರು ಪೆಡಲ್ ಕೂರುವ ಜಾಗದ ಕೆಳಗೆ ಕೊರೆದಿರುವ ನಂಬರಿಗೆ ಹೊಂದುತ್ತದಾ ನೋಡಿ. ನನಗೆ ಆ ಬಿಲ್ಲು ಕೈಗೆ ಬರಲಿಕ್ಕೇ ವಾರಗಟ್ಟಲೆ ಹಿಡಿಯಿತು. ಆಮೇಲೆ ದಾರಿಯಲ್ಲಿ ಒಂದು ಕಡೆ ಪೊಲೀಸರು ಸುಮ್ನೆ ಕುತೂಹಲಕ್ಕೆ ನಿಲ್ಲಿಸಿ "ಯಾರದು ಇದು, ಬಿಲ್ಲದೆಯೇನು?" ಅಂದಾಗ ಫೋನಿನಲ್ಲಿದ್ದ ಫೋಟೋ ಸಾಕಾಯಿತು.

ಸೈಕಲ್ ಪಾರ್ಸೆಲ್ಲಿನಲ್ಲಿ ಬಂತು. ಡಬ್ಬಿ ಒಂದು ಕಡೆ ಜಜ್ಜಿಹೋಗಿತ್ತು. ಬಿಚ್ಚಿ ನೋಡಿದರೆ ಹಿಂದಿನ ಗೇರ್ ತೂಗುವ ಹ್ಯಾಂಗರ್ ಬಾಗಿತ್ತು. ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ತುಂಡು ಅದು. ಫ್ರೇಮ್ ಮುರಿಯುವ ಬದಲು ತಾನು ಮುರಿಯಲಿ ಅಂತಲೇ ಮೆತ್ತಗೆ ಮಾಡಿರುತ್ತಾರೆ. ತೊಂದರೆ ಏನೆಂದರೆ ಒಂದು ಸೈಕಲ್ಲಿನ ಹ್ಯಾಂಗರ್ ಇನ್ನೊಂದಕ್ಕೆ ಕೂರುವುದಿಲ್ಲ. ಕಂಪನಿಗೊಂದು, ಮಾಡೆಲ್ಲಿಗೊಂದು. ಹುಬ್ಬಳ್ಳಿಯ ಅಂಗಡಿಗಳಲ್ಲಿ ಕೇಳಿದೆ, ಇಲ್ಲ. ಬೆಂಗಳೂರಿಗೆ ಆರ್ಡರ್ ಹಾಕಿದೆ. "ಈ ವಾರ ಬರ್ತದ ಸರ್" ಅನ್ನುತ್ತಾ ದಸರಾ ಮುಗಿಯಿತು, ದೀಪಾವಳಿ ಬಂತು.

ಕೊನೆಗೆ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಒಬ್ಬರು ಲೇತ್ ಇಟ್ಟುಕೊಂಡ ಕಾಕಾ ಸಿಕ್ಕರು. ಬಾಗಿದ ತುಂಡನ್ನು ಅಂಗೈ ಮೇಲೆ ಇಟ್ಟುಕೊಂಡು ಆ ಕಡೆ ಈ ಕಡೆ ತಿರುಗಿಸಿದರು. ವರ್ನಿಯರ್ ಹಚ್ಚಿ ದಪ್ಪ ಅಳೆದರು, ಸಿಗರೇಟ್ ಪ್ಯಾಕಿನ ಹಿಂದೆ ಅಳತೆ ಬರೆದುಕೊಂಡರು. ಗೇರ್ ಕೂರುವ ತೂತಿನ ಆಂಟೆ, ಅಂದರೆ ಬೋಲ್ಟ್ ತಿರುಗಿಸುವ ಥ್ರೆಡ್ಡು, ನೋಡಿ ಹುಬ್ಬು ಏರಿಸಿದರು. "ತಮ್ಮಾ, ಇದು ಹತ್ತು ಎಮ್ಮೆಮ್ಮು ಖರೆ, ಆದ್ರ ಆಂಟಿ ಭಾಳ ಸಣ್ಣದೈತಿ" ಅಂದರು. ಪೇಟೆಯಲ್ಲಿ ಸಿಗುವ ಸಾದಾ ಹತ್ತರ ಬೋಲ್ಟಿಗೆ ಆಂಟೆಯ ಅಂತರ ಒಂದೂವರೆ ಮಿಲಿಮೀಟರ್, ಗೇರಿನ ಬೋಲ್ಟಿಗೆ ಒಂದೇ ಮಿಲಿಮೀಟರ್. ಅಷ್ಟು ಸಣ್ಣ ಆಂಟೆ ಕೊರೆಯುವ ಟ್ಯಾಪ್ ಅವರ ಹತ್ತಿರ ಇರಲಿಲ್ಲ. ಪಕ್ಕದ ಶೆಡ್ಡಿನಿಂದ ತರಿಸಿದರು. ಸಂಜೆ ಹೊತ್ತಿಗೆ ಅಲ್ಯೂಮಿನಿಯಂ ಪ್ಲೇಟಿನಲ್ಲಿ ಎರಡು ಹ್ಯಾಂಗರ್ ಕಡಿದು ಕೊಟ್ಟರು, ಒಂದು ಹಾಕಲು, ಒಂದು ಜೇಬಿಗೆ. 350 ರೂಪಾಯಿ. ಗೇರ್ ಬೆಣ್ಣೆಯಂಗೆ ಬಿತ್ತು ಅಂತ ಹೇಳಲಾರೆ, ಆದರೆ ಗೋಕರ್ಣದ ತನಕ ಒಮ್ಮೆಯೂ ಚೈನ್ ತಪ್ಪಲಿಲ್ಲ. ಯಾವ ಸೈಕಲ್ ಇದ್ದರೂ ಒಂದು ಹ್ಯಾಂಗರ್ ಜಾಸ್ತಿ ಇಟ್ಟುಕೊಂಡೇ ಊರು ಬಿಡಿ.

ಹ್ಯಾಂಗರ್ ಕಾಯುವ ಹೊತ್ತಿನಲ್ಲಿ ಗೆಳೆಯನ ಹಳೆ ಸೈಕಲ್ ಮೇಲೆ ಅಣ್ಣಿಗೇರಿ, ನವಲಗುಂದ ಕಡೆ ಅಭ್ಯಾಸಕ್ಕೆ ಹೋಗುತ್ತಿದ್ದೆ. ಬಯಲು ಸೀಮೆ, ಏರಿಲ್ಲ ಇಳಿಯಿಲ್ಲ, ಎರೆ ಹೊಲದ ನಡುವೆ ಕಣ್ಣಿಗೆ ಕಾಣುವಷ್ಟು ದೂರ ದಾರಿ. ಒಣಗಿದಾಗ ಸ್ವರ್ಗ. ಮಳೆ ಬಿದ್ದ ಮರುದಿನ ಮಾತ್ರ ಆ ಕಡೆ ತಲೆ ಹಾಕಬೇಡಿ. ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು, ಫ್ರೇಮಿನ ಸಂದಿಯಲ್ಲಿ ತುಂಬಿಕೊಂಡು ಗಾಲಿ ತಿರುಗುವುದೇ ನಿಂತುಬಿಡುತ್ತದೆ. ಕಡ್ಡಿಯಿಂದ ಕೆದರಿ ಹತ್ತು ಹೆಜ್ಜೆ ಹೋದರೆ ಮತ್ತೆ ಅದೇ. ಹೆಗಲ ಮೇಲೆ ಹೊರಬೇಕು ಅಂದರೆ ಸೈಕಲ್ಲಿನ ತೂಕ ಎರಡರಷ್ಟಾಗಿರುತ್ತದೆ. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ ಕಡೆ ಮಸಾರಿ ನೆಲ ಜಾಸ್ತಿ, ಕೆಂಪು ಗರಸು, ಅಲ್ಲಿ ಇಷ್ಟು ಗೋಳಿಲ್ಲ. ಇನ್ನೊಂದು ಶತ್ರು ಬಳ್ಳಾರಿ ಜಾಲಿ. ಬದುವಿಗೆ ಕಡಿದು ಹಾಕಿದ ಟೊಂಗೆಯ ಮುಳ್ಳು ಎಂಥ ಟಾಯರನ್ನೂ ಬಿಡುವುದಿಲ್ಲ. ನಾನು 40 ಎಂಎಂ ಟ್ಯೂಬ್‌ಲೆಸ್ ಹಾಕಿ ಸೀಲಂಟ್ ತುಂಬಿಸಿದ್ದೆ. ಮುಳ್ಳು ಕಿತ್ತರೆ ಬಿಳಿ ಹಾಲು ಚಿಮ್ಮಿ ತಾನೇ ಮುಚ್ಚಿಕೊಳ್ಳುತ್ತಿತ್ತು. ಗೆಳೆಯನದು ಟ್ಯೂಬು. ಅವನು ಪ್ಯಾಚ್ ಹಚ್ಚುವುದರಲ್ಲಿ ಪಂಡಿತನಾದ.

ಇನ್ನು ಪರವಾನಗಿ. ಮೊದಲು ಹಳಿಯಾಳ, ದಾಂಡೇಲಿ ಮೇಲೆ ಹೋಗುವ ವಿಚಾರ ಇತ್ತು. ಅಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಡ್ಡ ಬರುತ್ತದೆ. ಕಾಡಿನ ಒಳದಾರಿಯಲ್ಲಿ ಸೈಕಲ್ ತುಳಿಯುವ ಮಾತೇ ಇಲ್ಲ. ಬಿಟ್ಟೆವು. ಯಲ್ಲಾಪುರದ ದಾರಿಯಲ್ಲಿ ಮ್ಯಾಪ್ ತೆರೆದರೆ ಮಾಗೋಡಿನ ಆಚೆ ಕಣಿವೆಗೆ ಇಳಿಯುವ ಸಣ್ಣ ಗೆರೆ ಕಾಣುತ್ತದೆ. ನದಿಯ ಪಕ್ಕದಲ್ಲೇ ಇಳಿದುಬಿಟ್ಟರೆ ಎಷ್ಟು ಚೆಂದ ಅಲ್ವಾ ಅಂತ ಒಂದು ಅರಣ್ಯ ಕಚೇರಿಗೆ ಹೋದೆವು. ಬಿಳಿ ಹಾಳೆಯಲ್ಲಿ ಅರ್ಜಿ, ಇಬ್ಬರ ಆಧಾರ್ ಝೆರಾಕ್ಸ್, ಹೋಗುವ ತಾರೀಖು, ದಾರಿಯ ನಕ್ಷೆ, ಫೋನ್ ನಂಬರು. ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ ಅಂದರು. ಮತ್ತೆ ಹೋದಾಗ ಮೀಟಿಂಗ್. ಕಟ್ಟೆಯ ಮೇಲೆ ಕೂತು ಕೂತು ಅಲ್ಲಿಯ ನಾಯಿ ನಮ್ಮ ಪರಿಚಯ ಮಾಡಿಕೊಂಡಿತು. ಕಡೆಗೆ ಸಿಕ್ಕವರು ಒಳ್ಳೆಯ ಮನುಷ್ಯ. ಕೂರಿಸಿ ಬಿಡಿಸಿ ಹೇಳಿದರು. ಊರಿಂದ ಊರಿಗೆ ಹೋಗುವ ಸಾರ್ವಜನಿಕ ರಸ್ತೆಗೆ, ಅದು ಡಾಂಬರಿರಲಿ ಮಣ್ಣಿರಲಿ, ನಮ್ಮನ್ನು ಕೇಳಬೇಕಾಗಿಲ್ಲ. ಕಾಡೊಳಗೆ ಮರ ಸಾಗಿಸಲು ಮಾಡಿದ ಕೂಪ್ ರಸ್ತೆ, ಕಾಲುದಾರಿ ಬೇರೆ, ಅಲ್ಲಿ ಬಿಡುವುದಿಲ್ಲ. ಕತ್ತಲಾದ ಮೇಲಂತೂ ಎಲ್ಲೂ ತಿರುಗಬೇಡಿ. ಮ್ಯಾಪಿನಲ್ಲಿ ಗೆರೆ ಇದ್ದರೆ ಅದು ದಾರಿ ಅಂತಲ್ಲ, ಯಾವ ಕಾಲದ್ದೋ ಏನೋ, ಎಷ್ಟೋ ಕಡೆ ಮರ ಬೆಳೆದಿದೆ.

ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ನದಿಯ ಹಿಂದೆ ಹೋಗುವ ಕನಸು ಅಲ್ಲಿಗೆ ಅರ್ಧವಾಯಿತು. ಆದರೆ ಈ ಉತ್ತರ ಮೊದಲೇ ಗೊತ್ತಿದ್ದರೆ ಓಡಾಟದ ಖರ್ಚು ಉಳಿಯುತ್ತಿತ್ತು. ನೀವು ಅರ್ಜಿ ಬರೆಯುವ ಮೊದಲು ನಿಮ್ಮ ದಾರಿ ಕಾಡೊಳಗೆ ಹೋಗುತ್ತದಾ, ಊರುಗಳ ಮೇಲೆ ಹೋಗುತ್ತದಾ ಅಷ್ಟು ನೋಡಿಕೊಳ್ಳಿ. ಊರುಗಳ ಮೇಲಾದರೆ ಸುಮ್ನೆ ಹೊರಡಿ.

ಹೊರಟದ್ದು ಸುಗ್ಗಿ ಶುರುವಾದ ಮೇಲೆ. ಸೋಮೇಶ್ವರನಿಗೆ ಕೈ ಮುಗಿದು, ನುಗ್ಗಿಕೇರಿ ಹಣಮಪ್ಪನಿಗೂ ಮುಗಿದು, ಕಲಘಟಗಿ ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದೆವು. ಟಾಯರಿನಲ್ಲಿ ಗಾಳಿ 38 ಪಿಎಸ್‌ಐ ಇಟ್ಟಿದ್ದೆ. ನನ್ನ ತೂಕ ಎಪ್ಪತ್ತರ ಆಸುಪಾಸು, ಸಾಮಾನು ಬೇರೆ. ಗಾಳಿ ಜಾಸ್ತಿ ಇದ್ದರೆ ಖಡಿ ಮೇಲೆ ಸೈಕಲ್ ಕುಣಿಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ. ತೀರಾ ಕಮ್ಮಿ ಮಾಡಿದರೆ ರಿಮ್ಮು ಕಲ್ಲಿಗೆ ಬಡಿಯುತ್ತದೆ.

ಭತ್ತದ ಗದ್ದೆಗಳು ಹಳದಿ ತಿರುಗಿದ್ದವು, ಕೆಲವು ಕಡೆ ಕೊಯ್ಲು ನಡೆದಿತ್ತು. ಚಂದ ನೋಡುತ್ತಾ ಹೋಗಲು ಬಿಡದ ಸಂಗತಿ ಎರಡು. ಒಂದು, ರಸ್ತೆಯ ಮೇಲೆ ಒಣ ಹಾಕಿದ ಗೋವಿನಜೋಳ. ಅರ್ಧ ರಸ್ತೆ ಕಾಳು, ಅಂಚಿಗೆ ಸಾಲಾಗಿ ಕಲ್ಲು. ಕಾಳಿನ ಮೇಲೆ ಗಾಲಿ ಹೋದರೆ ಸೈಕಲ್ ಜಾರುತ್ತದೆ, ಕಾಳಿನ ಧಣಿ ಬೈಯುತ್ತಾನೆ, ಎರಡೂ ನ್ಯಾಯ. ಇಳಿದು ನಡೆಯಿರಿ. ಇನ್ನೊಂದು, ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರ್. ಎರಡು ಟ್ರೇಲರ್ ಕಟ್ಟಿಕೊಂಡು, ಡಿಜೆ ಹಚ್ಚಿಕೊಂಡು ಬರುತ್ತಾರೆ, ನಿಮ್ಮ ಗಂಟೆ ಅವರಿಗೆ ಕೇಳುವುದಿಲ್ಲ. ಹಿಂದಿನ ಟ್ರೇಲರ್ ಅಡ್ಡಾದಿಡ್ಡಿ ತೂಗಾಡುತ್ತಿರುತ್ತದೆ. ಸೈಡ್ ಹೊಡೆಯುವ ಆಸೆ ಬೇಡ.

ಒಂದು ಊರಿನ ಕಟ್ಟೆಯ ಮೇಲೆ ಅಜ್ಜ ನಿಲ್ಲಿಸಿದರು.

"ಎಲ್ಲಿಗೆ ಹೊಂಟೀರೋ ತಮ್ಮಾ?"

"ಗೋಕರ್ಣಕ್ಕ್ರಿ ಅಜ್ಜಾ."

"ಹುಬ್ಬಳ್ಳಿಯಿಂದ ಬಸ್ ಅದಾವಲ್ಲ."

"ಅದಾವ್ರಿ. ಸುಮ್ನ ಸೈಕಲ್ ಮ್ಯಾಲ ಹೊಂಟೀವಿ."

ಸ್ವಲ್ಪ ಹೊತ್ತು ನಮ್ಮ ಹೆಲ್ಮೆಟ್ಟು, ಚಡ್ಡಿ ಎಲ್ಲ ನೋಡಿದರು. "ಹರಕಿ ಐತೇನು?" ಅಂದರು. ಗೆಳೆಯ ಹೌದ್ರಿ ಅಂದುಬಿಟ್ಟ. ಅಲ್ಲಿಂದ ಮುಂದೆ ಯಾರು ಕೇಳಿದರೂ ನಮ್ಮದು ಹರಕೆ. ವಿವರಣೆ ಉಳಿಯಿತು, ಎರಡು ಕಡೆ ಚಹಾ ಪುಕ್ಕಟೆ ಸಿಕ್ಕಿತು.

ಕಲಘಟಗಿಯಲ್ಲಿ ಮಿರ್ಚಿ, ಗಿರಮಿಟ್ಟು. ಬಣ್ಣದ ತೊಟ್ಟಿಲಿಗೆ ಹೆಸರಾದ ಊರು, ತೊಟ್ಟಿಲು ಮಾಡುವವರ ಮನೆ ಹುಡುಕುವಷ್ಟು ಹೊತ್ತು ಇರಲಿಲ್ಲ. ಅಲ್ಲಿಂದ ಮುಂದೆ ಹೊಲ ಕಮ್ಮಿಯಾಗಿ ತೇಗ ಶುರುವಾಗುತ್ತದೆ. ಒಳರಸ್ತೆಗಳು ಕೆರೆ ದಂಡೆಗೆ, ದನ ಎಮ್ಮೆ ಸಾಕುವ ಗೌಳಿಗರ ದಡ್ಡಿಗಳಿಗೆ ಹೋಗಿ ಮುಗಿಯುತ್ತವೆ, ಹಾಗಾಗಿ ಕಿರವತ್ತಿ ಹೊತ್ತಿಗೆ ಹೆದ್ದಾರಿಗೆ ಬರಲೇಬೇಕು. ಒಂದು ಗೌಳಿ ದಡ್ಡಿಯಲ್ಲಿ ನೀರು ಕೇಳಿದ್ದಕ್ಕೆ ಅವ್ವ ಮಜ್ಜಿಗೆ ಕೊಟ್ಟರು. ಚೊಂಬಿನ ತುಂಬ, ಬೆಣ್ಣೆಯ ಕಣ ತೇಲುತ್ತಿದ್ದವು. ದುಡ್ಡು ಕೊಡಲು ಹೋದರೆ ಮುಖ ಗಂಟು ಹಾಕಿದರು. ಶೇಂಗಾ ಉಂಡಿ ಇದ್ದವು, ಮಕ್ಕಳಿಗೆ ಕೊಟ್ಟು ಬಂದೆವು.

ಧಾರವಾಡ ಸಮುದ್ರ ಮಟ್ಟದಿಂದ 700 ಮೀಟರಿಗೂ ಮೇಲಿದೆ, ಯಲ್ಲಾಪುರ 500ರ ಸುತ್ತಮುತ್ತ. ಕಾಗದದ ಮೇಲೆ ಇಡೀ ದಾರಿ ಇಳಿಜಾರು. ತುಳಿದು ನೋಡಿ, ಆಮೇಲೆ ಹೇಳಿ! ಕಿರವತ್ತಿ ದಾಟಿದ ಮೇಲೆ ಒಂದು ಇಳಿದರೆ ಒಂದು ಏರು. ಯಲ್ಲಾಪುರ ಮುಟ್ಟುವಾಗ ಮಾತಾಡುವ ಶಕ್ತಿ ಇರಲಿಲ್ಲ. ಲಾಡ್ಜಿನಲ್ಲಿ 900 ರೂಪಾಯಿ, ಸೈಕಲ್ ರೂಮಿನೊಳಗೆ ಇಟ್ಟುಕೊಳ್ಳುತ್ತೇವೆ ಅಂತ ಮೊದಲೇ ಮಾತಾಡಿಕೊಳ್ಳಿ. ನಮಗೆ ಮೊದಲು ಕೇಳಿದ ಕಡೆ ಆಗೋದಿಲ್ಲ ಅಂದರು. ಆಧಾರ್ ಮೂಲ ಕಾರ್ಡೇ ಕೇಳಿದರು, ಫೋನಿನ ಫೋಟೋ ನಡೆಯಲಿಲ್ಲ.

ಮಾಗೋಡಿಗೆ ಹೋಗಿ ಬರುವುದಕ್ಕೆ ಒಂದು ಹೊತ್ತು ಬೇಕು. ಹೋಗಿ. ಇಷ್ಟು ಹೊತ್ತು ಕೆರೆ ಹಳ್ಳದಂತೆ ಅಲ್ಲಲ್ಲಿ ಸಿಕ್ಕ ನೀರು ಅಲ್ಲಿ ಎರಡು ಹಂತದಲ್ಲಿ ಬಂಡೆಯ ನಡುವೆ ಬೀಳುತ್ತದೆ, ಕೆಳಗೆ ಕಣಿವೆ ತುಂಬ ಹಸಿರು. ಹತ್ತಿರದ ಜೇನುಕಲ್ಲು ಗುಡ್ಡದ ಮೇಲೆ ನಿಂತರೆ ನದಿ ತಿರುಗಿ ತಿರುಗಿ ಹೋಗುವುದು ಕಾಣುತ್ತದೆ. ನಾವು ಇಳಿಯಬೇಕು ಅಂದುಕೊಂಡಿದ್ದ ದಾರಿ ಯಾವುದಿರಬಹುದು ಅಂತ ಹುಡುಕಿದೆ. ದಾರಿಯೂ ಕಾಣಲಿಲ್ಲ, ದಾರಿ ಇರಬಹುದಾದ ಜಾಗವೂ ಕಾಣಲಿಲ್ಲ. ಆ ಅಧಿಕಾರಿ ಬಿಡದೇ ಇದ್ದದ್ದೇ ಒಳ್ಳೆಯದಾಯಿತು.

ಅರಬೈಲ್ ಘಟ್ಟದ ಬಗ್ಗೆ ನನಗೆ ಜಾಸ್ತಿ ಭಯ ಇತ್ತು. ಹುಬ್ಬಳ್ಳಿಯಿಂದ ಕರಾವಳಿಗೆ ಹೋಗುವ ಲಾರಿಗಳೆಲ್ಲ ಅದೇ ತಿರುವುಗಳಲ್ಲಿ ಇಳಿಯುತ್ತವೆ. ಬೇರೆ ದಾರಿ ಹುಡುಕಬೇಡಿ, ಹೊತ್ತು ಆರಿಸಿಕೊಳ್ಳಿ. ಬೆಳಕು ಹರಿದ ಕೂಡಲೇ ಹೊರಟರೆ ಲಾರಿ ಕಮ್ಮಿ, ಆದರೆ ಮಂಜು ಇರುತ್ತದೆ, ಹಿಂದೆ ಮುಂದೆ ಲೈಟು ಹಾಕಿಯೇ ಇಳಿಯಿರಿ. ಬ್ರೇಕನ್ನು ಒತ್ತಿಹಿಡಿದುಕೊಂಡೇ ಹೋದರೆ ಡಿಸ್ಕು ಕಾದು ಹಿಡಿತ ಬಿಡುತ್ತದೆ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಟ್ಟು, ಹಿಂದಿನದು ಮುಂದಿನದು ಬದಲಿಸುತ್ತಾ ಇಳಿದೆವು. ನಡುವೆ ನಿಂತು ಡಿಸ್ಕಿನ ಮೇಲೆ ಎರಡು ಹನಿ ನೀರು ಹಾಕಿದರೆ ಚುರ್ ಅಂತು. ಲಾರಿ ಹಿಂದೆ ಬಂದರೆ ಪೌರುಷ ಬೇಡ, ಬದಿಗೆ ನಿಂತು ಬಿಟ್ಟುಬಿಡಿ. ಒಬ್ಬ ಡ್ರೈವರ್ ಅಣ್ಣ ಕೈ ಎತ್ತಿ ಥ್ಯಾಂಕ್ಸ್ ಹೇಳಿಯೇ ಹೋದ.

ಘಟ್ಟ ಇಳಿದ ಕೂಡಲೇ ಸೆಕೆ. ಮೇಲೆ ಜಾಕೆಟ್ಟು, ಕೆಳಗೆ ಬೆವರು. ಗುಳ್ಳಾಪುರ, ರಾಮನಗುಳಿ, ಸುಂಕಸಾಳದ ಈ ಪಟ್ಟಿ ಇಡೀ ದಾರಿಯಲ್ಲಿ ನನಗೆ ಅತಿ ಇಷ್ಟವಾದದ್ದು. ಅಡಿಕೆ ತೋಟ, ಗದ್ದೆ, ಅವುಗಳ ನಡುವಿನ ಕೆಂಪು ಮಣ್ಣಿನ ದಾರಿ, ಪಕ್ಕದಲ್ಲಿ ಗಂಗಾವಳಿ. ಈಗ ನೋಡಿದರೆ ಮಗುವಿನಂಥ ನದಿ. 2021ರ ಜುಲೈನಲ್ಲಿ ಇದೇ ನದಿ ಉಕ್ಕಿ ಗುಳ್ಳಾಪುರದ ಸೇತುವೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ಹಳೆಯ ಮ್ಯಾಪ್ ನಂಬಿ ನದಿ ದಾಟುವ ಯೋಜನೆ ಹಾಕಬೇಡಿ. ಅಂಗಡಿಯಲ್ಲಿ ನಿಂತು ಕೇಳಿ, ಎಲ್ಲಿ ದಾಟಬಹುದು ಅಂತ ಅವರೇ ಸರಿಯಾಗಿ ಹೇಳುತ್ತಾರೆ. ಇಲ್ಲಿ ಪಂಕ್ಚರ್ ಅಂಗಡಿ ಬಹಳ ದೂರ ದೂರ, ಇದ್ದವೂ ದೊಡ್ಡ ಗಾಡಿಗಳವು. ಪಂಪು, ಟ್ಯೂಬು ಕೈಯಲ್ಲೇ ಇರಲಿ.

ಅಂಕೋಲೆಯಿಂದ ಗೋಕರ್ಣದ ಕಡೆ ಸ್ವಲ್ಪ ದೂರ ಹೆದ್ದಾರಿ 66 ಬಿಟ್ಟರೆ ಗತಿಯಿಲ್ಲ. ಶಿರೂರಿನ ಹತ್ತಿರ ಗುಡ್ಡ ಕುಸಿದದ್ದು 2024ರ ಜುಲೈ 16ರಂದು. ಒಂದು ಬದಿ ಕಡಿದ ಗುಡ್ಡ, ಇನ್ನೊಂದು ಬದಿ ಅದೇ ಗಂಗಾವಳಿ. ಅಲ್ಲಿ ನಾವಿಬ್ಬರೂ ಮಾತಾಡದೆ ಬೇಗ ಬೇಗ ತುಳಿದೆವು. ಮಳೆಗಾಲದಲ್ಲಿ ಈ ಪಯಣ ಬೇಡವೇ ಬೇಡ ಅನ್ನಲು ನನಗೆ ಇದೊಂದೇ ಜಾಗ ಸಾಕು. ಮಾದನಗೇರಿ ಕ್ರಾಸಿನಲ್ಲಿ ಬಲಕ್ಕೆ ತಿರುಗಿದ ಮೇಲೆ ನೆಮ್ಮದಿ. ಸಾಣಿಕಟ್ಟಾದ ಉಪ್ಪಿನ ಆಗರಗಳು, ಗಾಳಿಯಲ್ಲೇ ಉಪ್ಪು.

ಗೋಕರ್ಣದಿಂದ ಗಂಗಾವಳಿ ಊರಿಗೆ ಹೋಗಿ ನದಿ ಸಮುದ್ರ ಸೇರುವುದನ್ನೂ ನೋಡಿದೆವು. ಗೆಳೆಯ ಬಾಟಲಿಯಲ್ಲಿ ಸೋಮೇಶ್ವರದ ನೀರು ತಂದಿದ್ದನಂತೆ, ಘಟ್ಟದಲ್ಲಿ ಡಿಸ್ಕಿಗೆ ಹಾಕಿದ್ದು ಅದೇ ಬಾಟಲಿ! ಉಳಿದದ್ದನ್ನು ಸುರಿದ. ಒಣ ಮರಳಿನಲ್ಲಿ 40 ಎಂಎಂ ಟಾಯರ್ ಹೂತುಹೋಗುತ್ತದೆ. ನೀರಿನಂಚಿನ ಗಟ್ಟಿ ಮರಳಿನ ಮೇಲೆ ಓಡುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಆದರೆ ಉಪ್ಪು ನೀರು ಬೇರಿಂಗಿಗೆ ವಿಷ. ಅದೇ ಸಂಜೆ ಸಿಹಿ ನೀರಿನಿಂದ ತೊಳೆದು ಚೈನಿಗೆ ಎಣ್ಣೆ ಬಿಡಿ, ನಾಳೆ ಅನ್ನಬೇಡಿ.

ವಾಪಸು ಬರುವುದನ್ನು ಯಾರೂ ಯೋಚಿಸುವುದಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಬರುತ್ತದೆ ಅಂತ ನಮ್ಮ ಅಪ್ಪನ ಕಾಲದಿಂದ ಹೇಳುತ್ತಲೇ ಇದ್ದಾರೆ, ಇನ್ನೂ ಬಂದಿಲ್ಲ, ಹಾಗಾಗಿ ಬಸ್ಸೇ ಗತಿ. ಮೊದಲ ಬಸ್ಸಿನ ಕಂಡಕ್ಟರ್ ಸೈಕಲ್ ನೋಡಿಯೇ ತಲೆ ಅಲ್ಲಾಡಿಸಿದರು. ಎರಡನೆಯವರು ಡಿಕ್ಕಿ ತುಂಬಿದೆ ಅಂದರು. ಗಾಲಿ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿದ್ದರೆ ಲಗೇಜು ಅಂತ ಹಾಕಿಕೊಳ್ಳುತ್ತಾರೆ ಅಂತ ಅಲ್ಲಿದ್ದ ಹಮಾಲರು ಹೇಳಿದರು. ಗೋಣಿಚೀಲ ಹುಡುಕುತ್ತಿದ್ದಾಗ ಹುಬ್ಬಳ್ಳಿಗೆ ಮೀನು ಒಯ್ಯುವ ಟೆಂಪೋದವರು ಸಿಕ್ಕರು. ಎರಡು ಸೈಕಲ್ಲಿಗೆ 600 ರೂಪಾಯಿ. ನಾವು ಬಸ್ಸಿನಲ್ಲಿ, ಸೈಕಲ್ ಐಸಿನ ಡಬ್ಬಿಗಳ ಮೇಲೆ. ಸುರಕ್ಷಿತವಾಗಿ ಬಂದವು. ಬಂಗುಡೆ ವಾಸನೆ ಹ್ಯಾಂಡಲ್ ಟೇಪಿಗೆ ಹತ್ತಿಬಿಟ್ಟಿತ್ತು, ಸೋಪು ಹಾಕಿದರೂ ಹೋಗಲಿಲ್ಲ, ಓಣಿಯ ಬೆಕ್ಕುಗಳು ಬಾಗಿಲಲ್ಲಿ ಸರದಿ ನಿಂತವು. ಟೇಪೇ ಬದಲಿಸಿದೆ, 450 ರೂಪಾಯಿ.

ಸೈಕಲ್ ಬಿಟ್ಟು ಊಟ, ವಸತಿ, ಟೆಂಪೋ, ಬಸ್ಸು ಎಲ್ಲ ಸೇರಿ ತಲೆಗೆ ನಾಲ್ಕು ಸಾವಿರದೊಳಗೆ ಆಯಿತು. ಗ್ರಾವೆಲ್ ಬೈಕೇ ಬೇಕಾ ಅಂತ ಕೇಳುವವರಿಗೆ: ಗೆಳೆಯನದು ಗೇರಿನ ಹಳೆಯ ಎಂಟಿಬಿ (ಮೌಂಟೇನ್ ಬೈಕ್), ಅವನೂ ನನ್ನ ಜೊತೆಗೇ ಮುಟ್ಟಿದ. ಹೆದ್ದಾರಿಯಲ್ಲಿ ಹಿಂದೆ ಬಿದ್ದ, ಹೊಲದಲ್ಲಿ ಮುಂದೆ ಹೋದ. ಡಿಸ್ಕ್ ಬ್ರೇಕು, ಅಗಲ ಟಾಯರು, ಸಣ್ಣ ಗೇರು ಇದ್ದರೆ ಹೊಸದಕ್ಕೆ ದುಡ್ಡು ಸುರಿಯಬೇಡಿ. ನವೆಂಬರ್ ಮಧ್ಯದಿಂದ ಜನವರಿ ತನಕ ಹೋಗಿ. ಧಾರವಾಡದ ಆಪೂಸು, ಅಂಕೋಲೆಯ ಕರಿ ಈಶಾಡು ಎರಡನ್ನೂ ಒಂದೇ ಸವಾರಿಯಲ್ಲಿ ತಿನ್ನಬೇಕು ಅಂತ ಮಾವಿನ ಕಾಲಕ್ಕೆ ಹೊರಡುವ ಆಸೆ ಗೆಳೆಯನಿಗಿದೆ. ಆ ಸೆಕೆಯಲ್ಲಿ ನಾನಂತೂ ಬಸ್ಸಿನಲ್ಲಿ ಬರುತ್ತೇನೆ ಅಂದಿದ್ದೇನೆ.